ಕುಶಾಲನಗರದಿಂದ ಮಡಿಕೇರಿಗೆ ಎರಡು ಸೆಕೆಂಡಲ್ಲಿ: ಮೆಟಲ್ ಪ್ರಿಂಟಿಂಗಲ್ಲಿ ಕಂಟ್ರೋಲ್ ಅಂದ್ರೇನು

ಹೋದ ಸಲ ಊರಿಗೆ ಹೋದಾಗ ಸುಂಟಿಕೊಪ್ಪದ ಮಾವ ಕಾಫಿ ಹಣ್ಣಿನ ಸಿಪ್ಪೆ ಸುಲಿಯೋ ಪಲ್ಪರ್ ಮೆಷಿನ್ನಿನ ಶಾಫ್ಟನ್ನ ಗೋಣಿಚೀಲದಲ್ಲಿ ಸುತ್ಕೊಂಡು ಬಂದು ಜಗಲಿ ಮೇಲೆ ಧಡ್ ಅಂತ ಇಟ್ರು. ಬೇರಿಂಗ್ ಕೂರೋ ಜಾಗ ಸವೆದು ಹೋಗಿತ್ತು, ಅರೇಬಿಕಾ ಕೊಯ್ಲು ಶುರುವಾಗೋಕೆ ಇನ್ನು ಹದಿನೈದು ದಿನ. "ನೀನು ಬೆಂಗ್ಳೂರಲ್ಲಿ ಕಬ್ಬಿಣನೇ ಪ್ರಿಂಟ್ ಹೊಡೀತೀಯಂತಲ್ಲೋ, ಇದೊಂದು ಹೊಡ್ಕೊಡು ನೋಡಣ" ಅಂದ್ರು.

"ಹೊಡೀಬಹುದು ಮಾವ, ಆದ್ರೆ ಅಷ್ಟು ಸುಲಭ ಇಲ್ಲ" ಅಂದೆ. "ಯಾಕೆ, ಕಂಪ್ಯೂಟರಲ್ಲಿ ಡ್ರಾಯಿಂಗ್ ಹಾಕಿ ಬಟನ್ ಒತ್ತಿದ್ರೆ ಬರಲ್ವಾ?" ಅಂತ ಕೇಳಿದ್ರು. ಬರುತ್ತೆ, ಬರೋದೇನೋ ಬರುತ್ತೆ, ಆದ್ರೆ ಬಂದಿದ್ದು ಒಳಗೆ ಗಟ್ಟಿ ಇದ್ಯಾ ಅನ್ನೋದೇ ಪ್ರಶ್ನೆ. ಅವತ್ತು ರಾತ್ರಿ ಊಟ ಆದ್ಮೇಲೆ ಮಾವನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೀತಿದೀನಿ.

ಮೊದ್ಲು ಈ ಮೆಟಲ್ 3ಡಿ ಪ್ರಿಂಟಿಂಗ್ ಕೆಲಸ ಹೇಗೆ ನಡೆಯುತ್ತೆ ಅಂತ ನೋಡಿ. ಮೆಷಿನ್ ಒಳಗೆ ಒಂದು ದಪ್ಪ ಲೋಹದ ಪ್ಲೇಟು, ಅದರ ಮೇಲೆ ಲೋಹದ ಪುಡಿನ ಒಂದು ಬ್ಲೇಡ್ ತೆಳ್ಳಗೆ ಹರಡುತ್ತೆ. ಕಣದಲ್ಲಿ ಕಾಫಿ ಹರಡ್ತೀವಲ್ಲ, ಹೆಚ್ಚುಕಮ್ಮಿ ಹಾಗೇ, ಆದ್ರೆ ಇಲ್ಲಿ ಪದರದ ದಪ್ಪ 40 ಮೈಕ್ರಾನ್, ಅಂದ್ರೆ ಒಂದು ಮಿಲಿಮೀಟರಲ್ಲಿ ಇಪ್ಪತ್ತೈದು ಪದರ. ಪುಡಿಯ ಕಣಗಳೂ ಸಾಮಾನ್ಯವಾಗಿ 15ರಿಂದ 45 ಮೈಕ್ರಾನ್ ಅಷ್ಟೇ. ಮೇಲಿಂದ ಲೇಸರ್ ಬಂದು, ಆ ಪದರದಲ್ಲಿ ಪಾರ್ಟ್ ಎಲ್ಲಿರಬೇಕೋ ಅಲ್ಲಿ ಮಾತ್ರ ಪುಡಿ ಕರಗಿಸ್ತಾ ಸಾಲು ಸಾಲಾಗಿ ಗೆರೆ ಎಳ್ಯುತ್ತೆ, ಪ್ಲೇಟು ಒಂದು ಪದರದಷ್ಟು ಕೆಳಗಿಳಿಯುತ್ತೆ, ಮತ್ತೆ ಪುಡಿ, ಮತ್ತೆ ಲೇಸರ್, ಹೀಗೆ ಸಾವಿರಾರು ಸಲ. ಸುತ್ತ ಆರ್ಗಾನ್ ಗ್ಯಾಸ್ ತುಂಬಿರುತ್ತೆ, ಆಕ್ಸಿಜನ್ನು 0.1 ಪರ್ಸೆಂಟಿಗಿಂತ ಕೆಳಗೆ ಇಟ್ಟಿರ್ತಾರೆ, ಇಲ್ಲಾಂದ್ರೆ ಕರಗಿದ ಲೋಹ ಗಾಳಿ ಜೊತೆ ಸೇರಿ ಕೆಡುತ್ತೆ.

ಈಗ ಒಂದು ಲೆಕ್ಕ ಹಾಕೋಣ, ಯಾಕಂದ್ರೆ ಈ ಲೆಕ್ಕ ಅರ್ಥ ಆದ್ರೆ ಉಳಿದಿದ್ದು ತಾನಾಗೇ ಅರ್ಥ ಆಗುತ್ತೆ. ಪಕ್ಕಪಕ್ಕದ ಗೆರೆಗಳ ನಡುವೆ 0.1 ಮಿಲಿಮೀಟರ್ ಅಂತರ, ಪದರ 0.04 ಮಿಲಿಮೀಟರ್ ಅಂದ್ಕೊಂಡ್ರೆ ಒಂದು ಘನ ಸೆಂಟಿಮೀಟರ್ ಲೋಹ ತುಂಬೋಕೆ ಲೇಸರ್ 250 ಮೀಟರ್ ಓಡಬೇಕು. ಸಣ್ಣ ಲೋಟದ ಕಾಫಿಯಷ್ಟು, 120 ಘನ ಸೆಂಟಿಮೀಟರ್ ಸ್ಟೀಲ್ ಪಾರ್ಟ್ ಅಂದ್ರೆ, ತೂಕದಲ್ಲಿ ಸುಮಾರು ಒಂದು ಕಿಲೋ, 30 ಕಿಲೋಮೀಟರ್! ಕುಶಾಲನಗರ ಬಸ್‌ಸ್ಟ್ಯಾಂಡಿಂದ ಹೊರಟು ಗುಡ್ಡೆಹೊಸೂರು, ಆನೆಕಾಡು, ಸುಂಟಿಕೊಪ್ಪ, ಬೋಯಿಕೇರಿ ದಾಟಿ ಮಡಿಕೇರಿ ತಲುಪೋವಷ್ಟು ದೂರ, ಅಷ್ಟುದ್ದಕ್ಕೂ ಒಂದೇ ವೆಲ್ಡಿಂಗ್ ಗೆರೆ. ಆ ದಾರೀಲಿ ಎಲ್ಲೋ ಒಂದು ಕಡೆ ಕಾಲು ಮಿಲಿಮೀಟರಿನ ಒಂದು ಗುಂಡಿ ಉಳ್ಕೊಂಡ್ರೆ ಸಾಕು, ಪದೇಪದೇ ಎಳೆತ ಬೀಳೋ ಪಾರ್ಟಾದ್ರೆ ಬಿರುಕು ಅಲ್ಲಿಂದಲೇ ಹುಟ್ಟಬಹುದು.

ಲೇಸರಿನ ಸ್ಪೀಡು ಸೆಕೆಂಡಿಗೆ ಸುಮಾರು ಒಂದು ಮೀಟರ್. ಕೇಳೋಕೆ ಏನೂ ಅನ್ಸಲ್ಲ, ನಾವು ನಡ್ಕೊಂಡು ಹೋಗೋ ಸ್ಪೀಡೇ. ಆದ್ರೆ ಲೇಸರ್ ಚುಕ್ಕೆಯ ಅಗಲ 0.1 ಮಿಲಿಮೀಟರ್. ಅಂದ್ರೆ ಪ್ರತಿ ಸೆಕೆಂಡಿಗೆ ಅದು ತನ್ನ ಅಗಲದ ಹತ್ತು ಸಾವಿರ ಪಟ್ಟು ದೂರ ಹೋಗ್ತಿದೆ. ಒಂದು ಜೀಪು ಅದೇ ಲೆಕ್ಕದಲ್ಲಿ ಓಡಿದ್ರೆ ಸೆಕೆಂಡಿಗೆ 17 ಕಿಲೋಮೀಟರ್ ಹೋಗಬೇಕಾಗುತ್ತೆ, ಕುಶಾಲನಗರದಿಂದ ಮಡಿಕೇರಿಗೆ ಎರಡು ಸೆಕೆಂಡು ಕೂಡ ಬೇಡ. ಆ ಜೀಪಿನ ಡ್ರೈವರ್ ತಿರುವು ಕಂಡ್ಮೇಲೆ ಸ್ಟೇರಿಂಗ್ ತಿರುಗಿಸ್ತೀನಿ ಅಂದ್ರೆ ಏನಾಗುತ್ತೆ ಹೇಳಿ. ಮೆಟಲ್ ಪ್ರಿಂಟಿಂಗಿನ ಕಂಟ್ರೋಲ್ ಸಮಸ್ಯೆ ಪೂರ್ತಿ ಇದೇ ನನ್ನ ಪ್ರಕಾರ. ನೋಡಿ ಸರಿಮಾಡ್ಕೊಳ್ಳೋಕೆ ಟೈಮೇ ಇಲ್ಲ, ಹಾಗಾಗಿ ರೋಡ್ ಮೊದ್ಲೇ ಬಾಯಿಪಾಠ ಆಗಿರಬೇಕು, ಮಿಕ್ಕಿದ್ದನ್ನ ಸ್ಟಾಪ್ ಸಿಕ್ಕಾಗ ಸರಿಮಾಡ್ಕೋಬೇಕು.

ಅಲ್ಲಿ ಏನು ತಪ್ಪಾಗುತ್ತೆ ಅಂತ ಸ್ವಲ್ಪ ಹೇಳ್ತೀನಿ. ಲೇಸರ್ ಬಿದ್ದಲ್ಲಿ ಒಂದು ಪುಟ್ಟ ಲೋಹದ ಕೊಳ ಆಗುತ್ತೆ, ನಾವು ಮೆಲ್ಟ್ ಪೂಲ್ ಅಂತೀವಿ. ಅಗಲ ಹೆಚ್ಚಂದ್ರೆ 0.1ರಿಂದ 0.2 ಮಿಲಿಮೀಟರ್. ಈ ಕೊಳ ಈಗಿನ ಪದರದ ಜೊತೆ ಕೆಳಗಿನ ಎರಡು ಮೂರು ಪದರಾನೂ ಸ್ವಲ್ಪ ಕರಗಿಸಿ ಬೆಸೆಯಬೇಕು. ಕಾವು ಕಮ್ಮಿ ಆದ್ರೆ ಪದರಗಳು ಬೆಸೆಯಲ್ಲ, ನಡುವೆ ಅಂಕುಡೊಂಕು ಸಂದು ಉಳಿಯುತ್ತೆ, ಒಳಗೆ ಕರಗದೇ ಇರೋ ಪುಡಿನೂ ಸಿಗುತ್ತೆ. ಕಾವು ಜಾಸ್ತಿ ಆದ್ರೆ ಇನ್ನೊಂದು ಕಥೆ. 200 ವ್ಯಾಟ್ ಅಂದ್ರೆ ಎರಡು ಹಳೇ ಬಲ್ಬಷ್ಟೇ ಪವರು, ಆದ್ರೆ ಅಷ್ಟು ಸಣ್ಣ ಚುಕ್ಕೆಗೆ ಬಿದ್ರೆ ಚದರ ಮಿಲಿಮೀಟರಿಗೆ 25 ಕಿಲೋವ್ಯಾಟ್ ಲೆಕ್ಕ ಬರುತ್ತೆ, ಲೋಹ ಕುದ್ದು ಆವಿಯಾಗಿ ಆ ಆವಿ ಕೊಳದ ಮೇಲ್ಮೈನ ಒತ್ತಿ ಕೆಳಗೆ ಆಳವಾದ ಒಂದು ತೂತು ಕೊರೆಯುತ್ತೆ. ಇದಕ್ಕೆ ಕೀಹೋಲ್ ಅಂತಾರೆ. ಸ್ವಲ್ಪ ಆಳ ಇದ್ರೆ ತೊಂದರೆ ಇಲ್ಲ, ಒಳ್ಳೇದೇ, ಆದ್ರೆ ಜಾಸ್ತಿ ಆಳ ಆದಾಗ ಆ ತೂತಿನ ಗೋಡೆಗಳು ಅಲ್ಲಾಡಿ ಕುಸಿದು ಬುಡದಲ್ಲಿ ಗುಳ್ಳೆ ಸಿಕ್ಕಾಕೊಳ್ಳುತ್ತೆ. ಆರ್ಗಾನ್ ಲೋಹದಲ್ಲಿ ಕರಗಲ್ಲ, ಲೋಹ ಕ್ಷಣದಲ್ಲಿ ಗಟ್ಟಿಯಾಗಿಬಿಡುತ್ತೆ, ಗುಳ್ಳೆ ಅಲ್ಲೇ ಶಾಶ್ವತ. ಇದೆಲ್ಲ ಎಷ್ಟೋ ವರ್ಷ ಹೆಚ್ಚಾಗಿ ಊಹೆ ಮೇಲೆ ನಡೀತಿತ್ತು, ಅಮೆರಿಕದ ಶಿಕಾಗೋ ಹತ್ತಿರದ ಆರ್ಗಾನ್ ಲ್ಯಾಬಿನ ಭಾರೀ ಎಕ್ಸ್‌ರೇ ಸೌಲಭ್ಯದಲ್ಲಿ ಲೋಹದ ಒಳಗಿನ ಕೀಹೋಲನ್ನೇ ಹೈಸ್ಪೀಡ್ ವಿಡಿಯೋ ಹಿಡಿದು 2019ರಲ್ಲಿ ಪ್ರಕಟಿಸಿದ್ಮೇಲೆ ಇನ್ನೂ ಸ್ಪಷ್ಟ ಆಯ್ತು. ಲ್ಯಾಬಿನ ಹೆಸರಿಗೂ ಗ್ಯಾಸಿನ ಹೆಸರಿಗೂ ಸಂಬಂಧ ಇಲ್ಲ, ಕನ್ನಡದಲ್ಲಿ ಬರೆದ್ರೆ ಒಂದೇ ಥರ ಕಾಣುತ್ತೆ ಅಷ್ಟೇ.

ಹೊಸದಾಗಿ ಬಂದೋರೆಲ್ಲ ಹಿಡ್ಕೊಳ್ಳೋ ಒಂದು ಸೂತ್ರ ಇದೆ. ಪವರನ್ನ ಸ್ಪೀಡು, ಗೆರೆ ಅಂತರ, ಪದರದ ದಪ್ಪ ಈ ಮೂರರ ಗುಣಲಬ್ಧದಿಂದ ಭಾಗಿಸಿ, ಘನ ಮಿಲಿಮೀಟರಿಗೆ ಎಷ್ಟು ಜೂಲ್ ಶಕ್ತಿ ಅಂತ ಬರುತ್ತೆ. 200 ವ್ಯಾಟ್, ಸೆಕೆಂಡಿಗೆ 1000 ಮಿಲಿಮೀಟರ್, 0.1, 0.04 ಹಾಕಿದ್ರೆ 50 ಜೂಲ್. ಪವರೂ ಸ್ಪೀಡೂ ಎರಡೂ ಡಬಲ್ ಮಾಡಿ, ಆಗ್ಲೂ 50 ಜೂಲೇ, ಆದ್ರೆ ಕೊಳದ ಆಕಾರ, ಸಿಡಿಯೋ ಕಿಡಿ, ಸಿಗೋ ಗುಳ್ಳೆ ಎಲ್ಲಾ ಬೇರೆ. ಅರ್ಧ ಗಂಟೆ ಸಣ್ಣ ಉರಿಗೂ ಐದು ನಿಮಿಷ ಭಾರೀ ಉರಿಗೂ ಸೌದೆ ಒಂದೇ ಖರ್ಚಾಗಬಹುದು, ಅನ್ನ ಒಂದೇ ಥರ ಬೇಯುತ್ತಾ? ಈ ಸಂಖ್ಯೆ ಅಂದಾಜಿಗೆ ಓಕೆ, ಇದನ್ನ ನಂಬಿ ಮೆಷಿನ್ ಓಡಿಸೋಕಾಗಲ್ಲ.

ಸರಿ, ಈಗ ರೋಡ್ ಬಾಯಿಪಾಠ ಮಾಡೋ ವಿಷಯ, ನಮ್ಮ ಭಾಷೇಲಿ ಫೀಡ್‌ಫಾರ್ವರ್ಡ್. ಮಡಿಕೇರಿಯಿಂದ ಸಂಪಾಜೆ ಕಡೆ ಘಾಟಿ ಇಳಿಯೋ ಬಸ್ ಡ್ರೈವರುಗಳನ್ನ ನೋಡಿ, ಮಂಜಲ್ಲಿ ಹತ್ತಡಿ ಮುಂದೆ ಕಾಣದಿದ್ರೂ ತಿರುವು ಬರೋಕೆ ಮೊದ್ಲೇ ಗೇರ್ ಇಳ್ಸಿರ್ತಾರೆ. ಲೇಸರಿಗೂ ತಿರುವೇ ಕಷ್ಟ. ಒಂದು ಗೆರೆ ಮುಗಿದು ಪಕ್ಕದ ಗೆರೆಗೆ ವಾಪಸ್ ತಿರುಗುವಾಗ ಲೇಸರನ್ನ ಓಡಿಸೋ ಕನ್ನಡಿಗಳು ನಿಧಾನ ಆಗಲೇಬೇಕು, ಎಷ್ಟೇ ಹಗುರ ಇದ್ರೂ ಅವಕ್ಕೂ ತೂಕ ಇದೆ. ನಿಧಾನ ಆದಾಗ ಪವರ್ ಅಷ್ಟೇ ಇದ್ರೆ ಆ ತುದೀಲಿ ಕಾವು ಜಾಸ್ತಿ ಬಿದ್ದು ಆಳದ ಕೀಹೋಲ್, ಆಮೇಲೆ ಗುಳ್ಳೆ. ಪಾರ್ಟಿನ ಅಂಚಿಂದ ಸ್ವಲ್ಪ ಒಳಗೆ ಸಾಲಾಗಿ ಗುಳ್ಳೆ ಸಿಕ್ಕಿದ್ರೆ ಮೊದ್ಲು ಇದನ್ನೇ ಅನುಮಾನ ಪಡಿ. ಪರಿಹಾರ ಸಿಂಪಲ್, ತಿರುವಲ್ಲಿ ಲೇಸರ್ ಆಫ್ ಮಾಡಿ ಕನ್ನಡಿನ ಗೆರೆಯಿಂದ ಆಚೆ ಹೋಗೋಕೆ ಬಿಟ್ಟು, ತಿರುಗಿ ಸ್ಪೀಡ್ ಹಿಡಿದ್ಮೇಲೆ ಆನ್ ಮಾಡೋದು, ಇದಕ್ಕೆ ಸ್ಕೈರೈಟಿಂಗ್ ಅಂತ ಹೆಸರು. ಇಲ್ಲಾಂದ್ರೆ ಸ್ಪೀಡ್ ಇಳಿದ ಹಾಗೆ ಪವರೂ ಇಳಿಸೋದು. ಎರಡರಲ್ಲೂ ಸೆನ್ಸರ್ ಒಂದೂ ಬೇಡ, ತಿರುವು ಎಲ್ಲಿದೆ ಅಂತ ಮೆಷಿನಿಗೆ ಮೊದ್ಲೇ ಗೊತ್ತಲ್ಲ.

ಇನ್ನೊಂದು ಗುಂಡಿ ಅಂದ್ರೆ ಕೆಳಗೆ ಏನಿದೆ ಅನ್ನೋದು. ಗಟ್ಟಿ ಲೋಹದ ಮೇಲೆ ಗೆರೆ ಎಳೆದ್ರೆ ಕಾವು ಕೆಳಗೆ ಬೇಗ ಇಳಿದು ಹೋಗುತ್ತೆ. ಸೂರಿನ ಥರ ಹೊರಗೆ ಚಾಚಿದ ಭಾಗದಲ್ಲಿ ಕೆಳಗೆ ಬರೀ ಪುಡಿ, ಪುಡೀಲಿ ಕಾವು ಇಳಿಯಲ್ಲ, ಕೊಳ ಊದ್ಕೊಂಡು ಪುಡಿ ಒಳಗೆ ಸೋರಿ ಕೆಳಗೆಲ್ಲ ತೊಟ್ಟಿಕ್ಕಿದ ಹಾಗೆ ಆಗುತ್ತೆ. ಅದಕ್ಕೇ ಆ ಜಾಗಕ್ಕೆ ಬೇರೆ ಪವರ್, ಬೇರೆ ಸ್ಪೀಡ್ ಸೆಟ್ ಮಾಡ್ತೀವಿ. ಅಮೆರಿಕದ ನಿಸ್ಟ್ ಸಂಸ್ಥೆಯವರು ಇದನ್ನ ಇನ್ನೂ ಮುಂದೆ ತಗೊಂಡು ಹೋಗಿ, ಪ್ರತಿ ಬಿಂದುವಿನ ಸುತ್ತಮುತ್ತ ಎಷ್ಟು ಗಟ್ಟಿ ಲೋಹ ಇದೆ, ಎಷ್ಟು ಪುಡಿ ಇದೆ ಅಂತ ಡ್ರಾಯಿಂಗಿಂದಲೇ ಲೆಕ್ಕ ಹಾಕಿ ಅದಕ್ಕೆ ತಕ್ಕಂಗೆ ಪವರ್ ಬದಲಾಯ್ಸೋ ವಿಧಾನ ಮಾಡಿದಾರೆ.

ಕಾವು ಕೂಡಿಕೊಳ್ಳೋದೂ ಇದೇ ಜಾತಿ. ಅಮ್ಮ ದೋಸೆ ಹುಯ್ಯುವಾಗ ಮೊದಲನೇದು ಅಂಟ್ಕೊಳ್ಳುತ್ತೆ, ಮೂರು ನಾಲ್ಕು ಸರಿಯಾಗಿ ಬರುತ್ತೆ, ಉರಿ ಅಷ್ಟೇ ಬಿಟ್ರೆ ಹತ್ತನೇದು ಸೀದುಹೋಗುತ್ತೆ. ಅದಕ್ಕೇ ಆರನೇದಕ್ಕೆ ಕೈ ತಾನಾಗೇ ಉರಿ ಸಣ್ಣ ಮಾಡುತ್ತೆ. ಪ್ರಿಂಟಿಂಗಲ್ಲೂ ಪಾರ್ಟ್ ಮೇಲೆ ಹೋಗ್ತಾ ಸಪೂರ ಆದ್ರೆ ಒಂದೊಂದು ಪದರ ಬೇಗ ಮುಗಿಯುತ್ತೆ, ತಣ್ಣಗಾಗೋಕೆ ಟೈಮ್ ಸಿಗಲ್ಲ, ಕಾವು ಏರ್ತಾ ಹೋಗುತ್ತೆ, ಒಂದೇ ಸೆಟ್ಟಿಂಗಲ್ಲಿ ಕೆಳಗೊಂದು ಥರ ಮೇಲೊಂದು ಥರ ಲೋಹ ಬರುತ್ತೆ. ಪದರಕ್ಕೆ ಇಷ್ಟು ಸೆಕೆಂಡ್ ಕಾಯಲೇಬೇಕು ಅಂತ ಹಾಕೋದು ಬಡವರ ಪರಿಹಾರ, ಪದರದಿಂದ ಪದರಕ್ಕೆ ಪವರ್ ಇಳಿಸ್ತಾ ಹೋಗೋದು ಜಾಣರದ್ದು.

ಇನ್ನು ಕೆಲವು ಅಭ್ಯಾಸಬಲದಿಂದಲೇ ಎಲ್ಲರೂ ಮಾಡೋದು. ಪ್ರತಿ ಪದರಕ್ಕೂ ಗೆರೆಗಳ ದಿಕ್ಕನ್ನ 67 ಡಿಗ್ರಿ ತಿರುಗಿಸ್ತಾರೆ, ತುಂಬಾ ಪದರ ಆದ್ಮೇಲೇ ಅದೇ ದಿಕ್ಕು ಮತ್ತೆ ಬರೋದು, ಹಾಗಾಗಿ ಒಂದು ಪದರದ ತಪ್ಪಿನ ಮೇಲೇ ಇನ್ನೊಂದು ಕೂರಲ್ಲ. ಗ್ಯಾಸ್ ಬೀಸೋ ದಿಕ್ಕಿಗೆ ಎದುರಾಗಿ ಕೆಲಸ ಮಾಡ್ತಾರೆ, ಹೊಗೆ ಮತ್ತೆ ಕಿಡಿ ಇನ್ನೂ ಕರಗಿಸ್ಬೇಕಾದ ಪುಡಿ ಮೇಲೆ ಬೀಳದೇ ಇರ್ಲಿ ಅಂತ. ಪುಡಿ ಒಣಗಿರಬೇಕು, ಇದು ನಮ್ಮೂರೋರಿಗೆ ಹೇಳೋದೇ ಬೇಡ, ಕಕ್ಕಡ ತಿಂಗಳಲ್ಲಿ, ಅಂದ್ರೆ ಜೋರು ಮಳೆಗಾಲದಲ್ಲಿ, ಅಡುಗೆಮನೆ ಉಪ್ಪಿನ ಡಬ್ಬಿ ಏನಾಗಿರುತ್ತೆ ಅಂತ ಗೊತ್ತಲ್ಲ. ತೇವ ಹಿಡಿದ ಪುಡಿ ಹರಡಲ್ಲ, ಅಲ್ಯೂಮಿನಿಯಂ ಆದ್ರೆ ಆ ನೀರಿನ ಹೈಡ್ರೋಜನ್ ಲೋಹದೊಳಗೆ ಸೇರಿ ಗುಳ್ಳೆ ಆಗುತ್ತೆ.

ಹಾಗಾದ್ರೆ ನೋಡಿ ಸರಿಮಾಡೋದು, ಅಂದ್ರೆ ಫೀಡ್‌ಬ್ಯಾಕ್, ಇಲ್ವೇ ಇಲ್ವಾ? ನೋಡೋದು ಬೇಕಾದಷ್ಟಿದೆ. ಲೇಸರ್ ಹೋಗೋ ದಾರೀಲೇ ವಾಪಸ್ ಬರೋ ಬೆಳಕನ್ನ ಹಿಡಿಯೋ ಫೋಟೋಡಯೋಡ್ ಇರುತ್ತೆ, ಸೆಕೆಂಡಿಗೆ ಹತ್ತಾರು ಸಾವಿರ ಸಲ ಓದುತ್ತೆ. ಹೈಸ್ಪೀಡ್ ಕ್ಯಾಮೆರಾ ಇರುತ್ತೆ, ಆದ್ರೆ ಸೆಕೆಂಡಿಗೆ ಸಾವಿರ ಫೋಟೋ ತೆಗೆದ್ರೂ ಎರಡು ಫೋಟೋ ಮಧ್ಯೆ ಲೇಸರ್ ಒಂದು ಮಿಲಿಮೀಟರ್ ಮುಂದೆ ಹೋಗಿರುತ್ತೆ, ಅಂದ್ರೆ ಚುಕ್ಕೆಯ ಹತ್ತು ಪಟ್ಟು, ತಪ್ಪಾದ ಜಾಗ ಹಿಂದೆ ಉಳ್ಕೊಂಡಾಯ್ತು. ಸದ್ದು ಕೇಳೋ ಮೈಕೂ ಇವೆ. ಇನ್ನೊಂದು ತೊಡಕು ಏನಂದ್ರೆ ಇವೆಲ್ಲ ನೋಡೋದು ಕೊಳದ ಮೇಲ್ಮೈನ, ನಮಗೆ ಬೇಕಾಗಿರೋದು ಆಳ. ಬೆಳಕು ಜಾಸ್ತಿ ಬಂತು ಅಂದ್ರೆ ಕಾವು ಜಾಸ್ತಿ ಇರಬಹುದು, ಅಥವಾ ಮೇಲೆದ್ದ ಆವಿ ಹೊಳೀತಿರಬಹುದು, ಅಥವಾ ಪ್ಲೇಟಿನ ಮೂಲೇಲಿರೋದ್ರಿಂದ ಕೋನ ಬದಲಾಗಿರಬಹುದು. ಹೊಗೆ ನೋಡಿ ಒಲೆ ಉರಿ ಅಂದಾಜು ಮಾಡಿದ ಹಾಗೆ.

ಆದ್ರೂ ಮಾಡಿದೋರಿದ್ದಾರೆ. ಬೆಲ್ಜಿಯಂನ ಲ್ಯೂವೆನ್ ವಿಶ್ವವಿದ್ಯಾಲಯದ ಕ್ರುತ್ ಮತ್ತವರ ತಂಡ 2010ರ ಹೊತ್ತಿಗೇ ಫೋಟೋಡಯೋಡ್ ಸಿಗ್ನಲ್ ನೋಡ್ಕೊಂಡು ಲೇಸರ್ ಪವರನ್ನ ಆಗಿಂದಾಗ್ಗೆ ಏರಿಳಿಸಿ ತೋರಿಸಿತ್ತು. ತಿರುಗಿಸೋಕೆ ಸಿಗೋ ಕಿವಿ ಪವರೊಂದೇ ನೋಡಿ, ಲೇಸರ್ ಪವರನ್ನ ಮಿಲಿಸೆಕೆಂಡಿನ ಸಣ್ಣ ಭಾಗದಲ್ಲಿ ಬದಲಾಯ್ಸಬಹುದು, ಕನ್ನಡಿ ಸ್ಪೀಡನ್ನ ಹಾಗೆ ಬದಲಾಯ್ಸೋಕಾಗಲ್ಲ, ಪದರದ ದಪ್ಪವಂತೂ ಹಾಕಿದ್ದಾಯ್ತು.

ಫೀಡ್‌ಬ್ಯಾಕ್ ನಿಜವಾಗ್ಲೂ ಕೆಲಸಕ್ಕೆ ಬರೋದು ಪದರದ ಮಧ್ಯೆ, ಪುಡಿ ಹರಡೋ ಹತ್ತು ಸೆಕೆಂಡಲ್ಲಿ. ಇದು ನನಗೆ ಪೆಟ್ಟು ತಿಂದು ಗೊತ್ತಾಗಿದ್ದು. ಹಿಂದೆ ಕೆಲಸ ಮಾಡ್ತಿದ್ದ ಕಡೆ ಟೈಟಾನಿಯಂ ಬ್ರಾಕೆಟ್ ಒಂದು ಹೊಡೆದಿದ್ವಿ, ಸುಮಾರು ನಲವತ್ತು ಗಂಟೆ ಕೆಲಸ. ಹೊರಗಿಂದ ಚಂದ, ಅಳತೆ ಕರೆಕ್ಟು, ಸಿಟಿ ಸ್ಕ್ಯಾನ್ ಮಾಡಿಸಿದ್ರೆ ಒಂದು ಎತ್ತರದಲ್ಲಿ, ಒಂದೇ ಪಕ್ಕದಲ್ಲಿ, ಚಪ್ಪಟೆ ಚಪ್ಪಟೆ ಸಂದುಗಳ ಸಾಲು. ಆಮೇಲೆ ಕೂತು ಪದರಪದರದ ಫೋಟೋ ತೆಗೆದು ನೋಡಿದ್ವಿ. ಅಲ್ಲಿ ಮೂರು ಪದರದಲ್ಲಿ ಪುಡಿ ಸಾಕಾಗದೆ ಬ್ಲೇಡು ಆ ತುದಿ ತಲುಪೋ ಹೊತ್ತಿಗೆ ಖಾಲಿ ಆಗಿತ್ತು, ನಾಲ್ಕನೇ ಪದರದಲ್ಲಿ ಪುಡಿ ಸರಿಯಾಗಿ ಬಂದಾಗ ಹಳ್ಳ ತುಂಬ್ಕೊಂಡು ಅಲ್ಲಿ ದಪ್ಪ ಪದರ ಆಯ್ತು, ಲೇಸರ್ ತನ್ನ ಪಾಡಿಗೆ ಅದೇ ಪವರಲ್ಲಿ ಹೋಯ್ತು, ಕೆಳಗಿನವರೆಗೆ ಕರಗ್ಲಿಲ್ಲ. ಸಿಟ್ಟು ಬಂದಿದ್ದು ಯಾವುದಕ್ಕೆ ಅಂದ್ರೆ, ಕ್ಯಾಮೆರಾ ಅದನ್ನ ಅವತ್ತೇ ಫೋಟೋ ತೆಗೆದಿತ್ತು! ಫೈಲ್ ಹಾರ್ಡ್‌ಡಿಸ್ಕಲ್ಲಿ ಬೆಚ್ಚಗೆ ಮಲಗಿತ್ತು. ಮೆಷಿನ್ ಮಾರೋರು ಮಾನಿಟರಿಂಗ್ ಅಂತಾರಲ್ಲ, ಎಷ್ಟೋ ಕಡೆ ಅದು ಇಷ್ಟೇ. ಸಿಸಿಟಿವಿ ಇದ್ದ ಮಾತ್ರಕ್ಕೆ ತೋಟದ ಮೆಣಸು ಕಳ್ಳತನ ನಿಲ್ಲುತ್ತಾ?

ಇದನ್ನೇ ಕಂಟ್ರೋಲ್ ಮಾಡೋದಾದ್ರೆ ಹತ್ತು ಸೆಕೆಂಡು ಧಾರಾಳ ಟೈಮು. ಪುಡಿ ಹರಡಿದ ತಕ್ಷಣ ಫೋಟೋ, ಸಾಫ್ಟ್‌ವೇರ್ ಅದರಲ್ಲಿ ಬರಿದಾದ ಜಾಗ, ಬ್ಲೇಡ್ ಎಳೆದ ಗೀರು, ಮೇಲೆದ್ದ ಅಂಚು ಹುಡುಕೋದು, ಪುಡಿ ಕಮ್ಮಿ ಇದ್ರೆ ಇನ್ನೊಂದ್ಸಲ ಹರಡೋದು, ಮುಂದಿನ ಪದರಕ್ಕೆ ಪುಡಿ ಡೋಸ್ ಜಾಸ್ತಿ ಮಾಡೋದು, ಅಂಚು ತುಂಬಾ ಮೇಲೆದ್ದಿದ್ರೆ ನಿಲ್ಲಿಸಿ ಆಪರೇಟರಿಗೆ ಕರೆ ಕೊಡೋದು. ಈಗಿನ ಮೆಷಿನ್‌ಗಳಲ್ಲಿ ಇದು ಬರ್ತಿದೆ. ಹಾಗೇ ಈ ಪದರದಲ್ಲಿ ಎಲ್ಲಿ ಕಾವು ಜಾಸ್ತಿ ಇತ್ತು ಅಂತ ನೋಡಿ ಮುಂದಿನ ಪದರದಲ್ಲಿ ಅದೇ ಜಾಗಕ್ಕೆ ಪವರ್ ಕಮ್ಮಿ ಕೊಡೋ ಕಲಿಕೆಯ ವಿಧಾನಗಳೂ ಇವೆ, ಅಕ್ಕಪಕ್ಕದ ಪದರ ಹೆಚ್ಚುಕಮ್ಮಿ ಒಂದೇ ಆಕಾರ ಇರುತ್ತಲ್ಲ, ನಿನ್ನೆ ಬಿದ್ದ ಗುಂಡಿ ಇವತ್ತು ನೆನಪಿರುತ್ತೆ.

ಇಷ್ಟೆಲ್ಲ ವಿಧಾನ ಇದ್ದೂ ವಿಮಾನ, ರಾಕೆಟ್ ಪಾರ್ಟ್ ಮಾಡೋರು ಹೆಚ್ಚಾಗಿ ಪವರು ಸ್ಪೀಡು ಎಲ್ಲಾ ಬೀಗ ಹಾಕಿ ಇಡ್ತಾರೆ, ಯಾರೂ ಮುಟ್ಟಂಗಿಲ್ಲ. ಮೊದಮೊದಲು ನನಗೆ ಇದು ಹಳೇ ಕಾಲದ ಹಠ ಅನ್ಸಿತ್ತು. ಆಮೇಲೆ ಅರ್ಥ ಆಯ್ತು, ಸರ್ಟಿಫಿಕೇಟ್ ಕೊಡೋರು ಕೇಳೋದು ಯಾವ ಸೆಟ್ಟಿಂಗಲ್ಲಿ ಮಾಡಿದ್ರಿ, ನೂರನೇ ಪಾರ್ಟೂ ಒಂದನೇದರ ಥರಾನೇ ಇದ್ಯಾ ಅಂತ. ಮೆಷಿನ್ ತನಗೆ ತೋಚಿದ ಹಾಗೆ ಪ್ರತಿ ಮಿಲಿಸೆಕೆಂಡಿಗೂ ಪವರ್ ಬದಲಾಯ್ಸಿದ್ರೆ ಯಾವ ಸೆಟ್ಟಿಂಗ್ ಅಂತ ಬರೆಯೋದು? ಸೆನ್ಸರ್ ಒಂದು ಕೆಟ್ಟು ಸುಳ್ಳು ಹೇಳಿದ್ರೆ ಒಳ್ಳೇ ಪಾರ್ಟನ್ನೂ ಕೆಡಿಸುತ್ತೆ. ಇಸ್ರೋ 2024ರ ಮೇ ತಿಂಗಳಲ್ಲಿ ಪಿಎಸ್‌ಎಲ್‌ವಿ ನಾಲ್ಕನೇ ಹಂತದ ಪಿಎಸ್4 ಎಂಜಿನನ್ನ ಇದೇ ಲೇಸರ್ ವಿಧಾನದಲ್ಲಿ ಮಾಡಿಸಿ 665 ಸೆಕೆಂಡ್ ಉರಿಸಿ ಪಾಸ್ ಮಾಡ್ತು, ಹದಿನಾಲ್ಕು ಭಾಗ ಒಂದೇ ಆಯ್ತು, 19 ವೆಲ್ಡಿಂಗ್ ಜಾಯಿಂಟ್ ಇಲ್ಲವಾಯ್ತು. ಆ ಥರದ ಕೆಲಸದಲ್ಲಿ ಜಾಣತನಕ್ಕಿಂತ ಮೊದ್ಲು ಬೇಕಾಗೋದು ಇವತ್ತು ಮಾಡಿದ್ದನ್ನೇ ನಾಳೆನೂ ಮಾಡೋದು.

ಮಾವ ಇಷ್ಟು ಹೊತ್ತು ಕೇಳಿ, "ಹಂಗಾದ್ರೆ ನನ್ನ ಶಾಫ್ಟು?" ಅಂದ್ರು.

ಶಾಫ್ಟಿಗೆ ಬೇಕಾಗಿರೋದು ಈ ಮೆಷಿನ್ ಅಲ್ಲವೇ ಅಲ್ಲ. ಲೇಸರಲ್ಲೇ ಇನ್ನೊಂದು ಜಾತಿ ಇದೆ, ಪುಡಿ ಹಾಸಲ್ಲ, ನಾಜಲ್‌ನಿಂದ ಪುಡಿನೋ ತಂತಿನೋ ಬಿಡ್ತಾ ಅಲ್ಲೇ ಕರಗಿಸಿ ಸವೆದ ಜಾಗದ ಮೇಲೆ ಲೋಹ ಏರಿಸೋದು. ಅಲ್ಲಿ ಸ್ಪೀಡು ಸೆಕೆಂಡಿಗೆ ಹತ್ತು ಮಿಲಿಮೀಟರ್ ಆಸುಪಾಸು, ಕೊಳ ಒಂದೆರಡು ಮಿಲಿಮೀಟರ್ ಅಗಲ. ಜೀಪಿನ ಬದಲು ಟ್ರ್ಯಾಕ್ಟರ್ ಅನ್ಕೊಳ್ಳಿ. ಹಾಗಾಗಿ ಅಲ್ಲಿ ಫೀಡ್‌ಬ್ಯಾಕ್ ಚೆನ್ನಾಗಿ ನಡೆಯುತ್ತೆ, ಕ್ಯಾಮೆರಾ ಕೊಳದ ಅಗಲ ಅಳೆಯುತ್ತೆ, ಅಗಲ ಆಯ್ತು ಅಂದ್ರೆ ಪವರ್ ಇಳಿಸುತ್ತೆ, ಕಿರಿದಾಯ್ತು ಅಂದ್ರೆ ಏರಿಸುತ್ತೆ, ತಪ್ಪು ಎಷ್ಟಿದೆ ಅಂತ ನೋಡಿ ಅದಕ್ಕೆ ತಕ್ಕಂಗೆ ತಿದ್ದೋ, ಫ್ಯಾಕ್ಟರಿಗಳಲ್ಲಿ ಎಲ್ಲೆಡೆ ಇರೋ ಹಳೇ ಪಿಐಡಿ ಕಂಟ್ರೋಲೇ ಸಾಕು. ಪುಡಿ ಪ್ರಮಾಣ ಮಾತ್ರ ಹಾಗೆ ಆಡಿಸೋಕಾಗಲ್ಲ, ಪೈಪಲ್ಲಿ ಬರೋಕೆ ಅದಕ್ಕೆ ಸೆಕೆಂಡುಗಟ್ಲೆ ಬೇಕು, ಬಚ್ಚಲಲ್ಲಿ ಬಿಸಿನೀರು ಬರೋಕೆ ಕಾಯ್ತಾ ನಲ್ಲಿ ಪೂರ್ತಿ ತಿರುಗಿಸಿ ಆಮೇಲೆ ಕೈ ಸುಟ್ಕೊಳ್ಳೋ ಕಥೆ ಆಗುತ್ತೆ.

ಆದ್ರೆ ಮಾವನ ಶಾಫ್ಟಿಗೆ ಅದೂ ದುಬಾರಿ. ಮಾರನೇ ದಿನ ಬೆಳಿಗ್ಗೆ ಇಬ್ರೂ ಕುಶಾಲನಗರದ ಒಂದು ಲೇತ್ ಶಾಪಿಗೆ ತಗೊಂಡು ಹೋದ್ವಿ. ಅಲ್ಲಿನ ವೆಲ್ಡರ್ ಶಾಫ್ಟನ್ನ ಸ್ವಲ್ಪ ಬಿಸಿ ಮಾಡಿ, ಕಪ್ಪು ಗಾಜಿನ ಹಿಂದಿಂದ ಕೊಳ ನೋಡ್ತಾ ಸುತ್ತಲೂ ಒಂದೊಂದೇ ಗೆರೆ ಏರಿಸ್ತಾ ಹೋದ್ರು, ಒಂದು ಗೆರೆ ಈ ಕಡೆ ಎಳೆದ್ರೆ ಮುಂದಿನದು ಎದುರು ಕಡೆ, ಶಾಫ್ಟ್ ಒಂದೇ ಕಡೆ ಕಾದು ಬಾಗಬಾರದು ಅಂತ. ಕೊಳ ಅಗಲ ಆದ ಹಾಗೆ ಕೈ ಮುಂದಕ್ಕೆ ಬೇಗ ಹೋಗ್ತಿತ್ತು. ನಾನು ಮಾವನಿಗೆ ನೋಡಿ ಇದೇ ಕ್ಲೋಸ್ಡ್ ಲೂಪ್, ಅಂದ್ರೆ ನೋಡ್ತಾ ನೋಡ್ತಾ ತಿದ್ದೋದು, ಅಂತ ತೋರಿಸೋಕೆ ಹೋದೆ, ಮಾವ ಆಗ್ಲೇ ಪಕ್ಕದ ಅಂಗಡೀಲಿ ಬೇರಿಂಗ್ ರೇಟ್ ಕೇಳೋಕೆ ಹೋಗಿದ್ರು. ಮಧ್ಯಾಹ್ನ ಲೇತಲ್ಲಿ ಅಳತೆಗೆ ಇಳಿಸಿ ಕೊಟ್ರು, ಹೊಸ ಬೇರಿಂಗ್ ಬಿಗಿಯಾಗಿ ಕೂತ್ಕೊಳ್ತು.